ಕಾರ್ಡಿಗೆ ದುಡ್ಡು ಸುರಿಯುವ ಮೊದಲು ಡಿಸ್ಕ್ ನೋಡಿ

ಹೋದ ಮದುವೆ ಸೀಸನ್ನಿನಲ್ಲಿ ತಿಪಟೂರು ಕಡೆಯ ಫೋಟೋಗ್ರಾಫರ್ ಒಬ್ಬರು ಸಿಪಿಯು ಡಬ್ಬ ಹೊತ್ತುಕೊಂಡೇ ಅಂಗಡಿಗೆ ಬಂದರು. "ಅಣ್ಣಾ, ಗ್ರಾಫಿಕ್ಸ್ ಕಾರ್ಡಿಗೇ ನಲವತ್ತು ಸಾವಿರ ಸುರಿದೆ. ಫೋಟೋ ತಿದ್ದೋ ಲೈಟ್‌ರೂಮ್ ಇನ್ನೂ ಎಮ್ಮೆ ಥರ ನಡೀತಿದೆ" ಅಂದರು.

ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ಒಂದು ಮದುವೆಯ ಫೋಟೋಗಳನ್ನು ಒಂದೊಂದಾಗಿ ದಾಟಿಸುತ್ತಾ ಹೋದೆವು. ಕಾರ್ಡ್ ಹೆಚ್ಚುಕಡಿಮೆ ನಿದ್ದೆಯಲ್ಲಿತ್ತು. ಡಿಸ್ಕ್ ಮಾತ್ರ 100% ಬಿಟ್ಟು ಇಳಿಯಲೇ ಇಲ್ಲ. ವಿಂಡೋಸ್, ಕ್ಯಾಟಲಾಗ್, ಪ್ರಿವ್ಯೂ, ರಾ ಫೈಲು (ಕ್ಯಾಮೆರಾದ ಮೂಲ ಫೋಟೋ) ಎಲ್ಲಾ ಒಂದೇ ಹಳೇ ಹಾರ್ಡ್ ಡಿಸ್ಕಿನಲ್ಲಿ ತುಂಬಿದ್ದವು!

ಕ್ಯಾಟಲಾಗ್ ಅಂದರೆ ಫೋಟೋ ಅಲ್ಲ, ಅಂಗಡಿಯ ಲೆಕ್ಕದ ಪುಸ್ತಕ ಇದ್ದ ಹಾಗೆ. ಯಾವ ಫೋಟೋ ಎಲ್ಲಿದೆ, ಏನು ತಿದ್ದಿದ್ದೀರಿ ಅನ್ನೋದನ್ನು ಲೈಟ್‌ರೂಮ್ ಅಲ್ಲಿ ಬರೆದುಕೊಳ್ಳುತ್ತಲೇ ಇರುತ್ತದೆ. ಇಂಥ ಚೂರುಪಾರು ಕೆಲಸಕ್ಕೆ ಹಾರ್ಡ್ ಡಿಸ್ಕಿನ ಹೆಡ್ ಅತ್ತಿತ್ತ ಓಡಾಡಿಯೇ ಸುಸ್ತು. ಹಾಗಾಗಿ ವಿಂಡೋಸ್, ಕ್ಯಾಟಲಾಗ್, ಪ್ರಿವ್ಯೂ, ಕ್ಯಾಮೆರಾ ರಾ ಕ್ಯಾಶೆ (ತೆರೆದ ಫೋಟೋ ಮತ್ತೆ ಬೇಗ ತೋರಿಸಲು ಇಟ್ಟುಕೊಳ್ಳುವ ಜಾಗ) ಇಷ್ಟೂ ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ಭಾಗವೇ ಇಲ್ಲದ ಚಿಪ್ಪಿನ ಡಿಸ್ಕಿನಲ್ಲಿ ಇರಲಿ. ಕ್ಯಾಶೆಯನ್ನು 20 ಜಿಬಿಗೆ ಏರಿಸಿಕೊಳ್ಳಿ. ಹಳೇ ಮದುವೆಗಳ ರಾ ಫೈಲು ಹಾರ್ಡ್ ಡಿಸ್ಕಿನಲ್ಲೇ ಇದ್ದರೆ ತೊಂದರೆಯಿಲ್ಲ.

ಆಮೇಲೆ ರ್‍ಯಾಮ್. 24 ಮೆಗಾಪಿಕ್ಸೆಲ್ ಫೋಟೋವನ್ನು ಫೋಟೋಶಾಪಿನಲ್ಲಿ 16 ಬಿಟ್‌ನಲ್ಲಿ ತೆರೆದರೆ ಒಂದು ಪೂರ್ತಿ ಲೇಯರ್‌ಗೇ ಸುಮಾರು 144 ಎಂಬಿ. ಹತ್ತು ಲೇಯರ್ ಆದರೆ ಒಂದೂವರೆ ಜಿಬಿ ಹತ್ತಿರ. ಹಿಸ್ಟರಿ ಬೇರೆ, ಹಿಂದೆ ಲೈಟ್‌ರೂಮ್ ಬೇರೆ, ಪಕ್ಕದಲ್ಲಿ ಹದಿನೈದು ಟ್ಯಾಬಿನ ಕ್ರೋಮ್ ಬೇರೆ. 16 ಜಿಬಿಯಲ್ಲಿ ಹೇಗೋ ನಡೆಯುತ್ತೆ, 32 ಇದ್ದರೆ ಆರಾಮ. ಒಂದೇ ದೊಡ್ಡ ಸ್ಟಿಕ್ ಬದಲು ಜೋಡಿ ಹಾಕಿ. ಲ್ಯಾಪ್‌ಟಾಪ್ ಕೊಳ್ಳುವವರು ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರಾ ಅಂತ ಮೊದಲೇ ಕೇಳಿ. ಹಾಗಿದ್ದರೆ ಆಮೇಲೆ ಅದನ್ನು ಬದಲಿಸೋಕೆ ಆಗಲ್ಲ.

ಹಾಗಂತ ಕಾರ್ಡ್ ಸುಮ್ನೆ ಅಂತಲ್ಲ. ಫೋಟೋದ ಕಾಳುಕಾಳು ತೆಗೆಯಲು ಲೈಟ್‌ರೂಮಿಗೆ 2023ರಲ್ಲಿ ಬಂದ ಡಿನಾಯ್ಸ್ ಪೂರ್ತಿ ಅದರ ಮೇಲೇ ನಿಂತಿದೆ. ಕತ್ತಲೆ ಛತ್ರದ ರಿಸೆಪ್ಶನ್ ಫೋಟೋಗಳಿಗೆ ಅದನ್ನು ದಿನಾ ಬಳಸುವವರಾದರೆ 8 ಜಿಬಿ ಮೆಮೊರಿಯ ಕಾರ್ಡ್ ತಗೊಳ್ಳಿ. ಒಂದು ಫೋಟೋಗೆ ನಿಮಿಷಗಟ್ಟಲೆ ಕಾಯೋದು ಸೆಕೆಂಡುಗಳಿಗೆ ಇಳಿಯುತ್ತದೆ. ಬರೀ ಬಣ್ಣ, ಬೆಳಕು ತಿದ್ದುವವರಿಗೆ ಸಾಧಾರಣ ಕಾರ್ಡೇ ಧಾರಾಳ. ಪ್ರೊಸೆಸರ್ ಈಚಿನ ಆರೋ ಎಂಟೋ ಕೋರಿನದಿರಲಿ. ಅಷ್ಟು ಹೇಳಿದರೆ ಮುಗೀತು.

ಆದರೆ ಎಲ್ಲರೂ ಉಳಿದ ಚಿಲ್ಲರೆಯಲ್ಲಿ ಕೊಳ್ಳುವುದು ಮಾನಿಟರ್. ನಾನೂ ಹಾಗೇ ಮಾಡಿ ಪೆಟ್ಟು ತಿಂದವನೇ. ತಂಗಿಯ ಮದುವೆ ಆಲ್ಬಂ ನಾನೇ ಕೂತು ಮಾಡಿದ್ದೆ. ಪ್ರಿಂಟ್ ಬಂದಾಗ ನೋಡಿದರೆ ಅವಳ ಮರೂನ್ ರೇಷ್ಮೆ ಸೀರೆ ಕಪ್ಪು ಕಂಬಳಿಯಾಗಿತ್ತು, ಜರಿ ಇದ್ದಲ್ಲಿ ಬರೀ ಮಣ್ಣು ಬಣ್ಣ. ಲ್ಯಾಬಿನವನ ಜೊತೆ ಜಗಳಕ್ಕೇ ಹೋದೆ. ತಪ್ಪು ನನ್ನದೇ. ನನ್ನ ಸ್ಕ್ರೀನಿನ ಬ್ರೈಟ್‌ನೆಸ್ ಡಬ್ಬದಿಂದ ಬಂದ ಹಾಗೇ ಉರಿಯುತ್ತಿತ್ತು. ಅಲ್ಲಿ ಬೆಳ್ಳಗೆ ಕಂಡಿದ್ದನ್ನೆಲ್ಲ ನಾನು ತಗ್ಗಿಸುತ್ತಾ ಹೋಗಿದ್ದೆ.

ಈಗ ಪ್ರಿಂಟಿನ ಕೆಲಸಕ್ಕೆ ಸ್ಕ್ರೀನಿನ ಬೆಳಕನ್ನು 100ರಿಂದ 120 ನಿಟ್ಸ್ (ಬೆಳಕಿನ ಅಳತೆ) ಒಳಗೇ ಇಡುತ್ತೇನೆ. ಐಪಿಎಸ್ ಪ್ಯಾನೆಲ್ (ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಸ್ಕ್ರೀನ್), ಎಸ್‌ಆರ್‌ಜಿಬಿ (ಸ್ಕ್ರೀನು ಎಷ್ಟು ಬಣ್ಣ ತೋರಿಸುತ್ತೆ ಅನ್ನೋ ಅಳತೆಗೋಲು) 100% ಇರೋದನ್ನೇ ನೋಡಿ. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪಿನ ವಿವರದಲ್ಲಿ "45% ಎನ್‌ಟಿಎಸ್‌ಸಿ" ಅಂತ ಸಣ್ಣಕ್ಷರದಲ್ಲಿ ಇರುತ್ತೆ ಅಲ್ವಾ, ಅದು ಬಣ್ಣದ ಇನ್ನೊಂದು ಅಳತೆಗೋಲು; ಅಂಥ ಸ್ಕ್ರೀನು ಎಸ್‌ಆರ್‌ಜಿಬಿಯ ಹೆಚ್ಚೆಂದರೆ ಮೂರನೇ ಎರಡು ಪಾಲು ಬಣ್ಣ ತೋರಿಸುತ್ತದೆ.

ತಿಪಟೂರಿನವರಿಗೆ ಒಂದು ಎಸ್‌ಎಸ್‌ಡಿ ಹಾಕಿಕೊಟ್ಟೆ, ಕಾರ್ಡ್ ಹಾಗೇ ಇದೆ. ಸ್ಕ್ರೀನಿನ ಬಣ್ಣ, ಬೆಳಕು ಅಳೆದು ಸರಿಮಾಡುವ ಕ್ಯಾಲಿಬ್ರೇಟರ್‌ಗೆ ದುಡ್ಡಿಲ್ಲ ಅಂದರು. ಈಗ ಅವರೂ ಊರಿನ ಇನ್ನೂ ಮೂರು ಸ್ಟುಡಿಯೋದವರೂ ಸೇರಿ ಒಂದು ಕೊಂಡಿದ್ದಾರೆ. ತಿಂಗಳಿಗೊಮ್ಮೆ ಅದು ಬೈಕಿನ ಡಿಕ್ಕಿಯಲ್ಲಿ ಊರು ಸುತ್ತುತ್ತದೆ.