ಗಿಟಾರ್ ನೆಕ್‌ನ ಬೆನ್ನು: ದಪ್ಪಕ್ಕಿಂತ ಭುಜ ಮುಖ್ಯ

ಎರಡು ಎಲೆಕ್ಟ್ರಿಕ್ ಗಿಟಾರ್‌ಗಳ ನೆಕ್ (ಎಡಗೈ ಹಿಡಿಯುವ ಉದ್ದನೆಯ ಭಾಗ) ಮೊದಲ ಫ್ರೆಟ್‌ನ (ಅದರ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಲ್ಲಿ ಮೊದಲನೆಯದರ) ಬಳಿ ಒಂದೇ ದಪ್ಪವಿದ್ದು, ಅಗಲದಲ್ಲಿಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದಿದ್ದರೂ, ಒಂದು ಕೈತುಂಬ ಎನಿಸುತ್ತದೆ, ಇನ್ನೊಂದು ತೆಳ್ಳಗೆ ಎನಿಸುತ್ತದೆ. ನುಡಿಸುವವರ ಈ ಅನುಭವವನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ನೋಡಿದಾಗ ಸಿಗುವುದು ನೆಕ್‌ನ ಎದುರು ಮುಖವಾದ ಫ್ರೆಟ್‌ಬೋರ್ಡ್‌ನ ಮೇಲ್ಮೈಯಿಂದ ನೆಕ್‌ನ ಬೆನ್ನಿನ ನಡುಭಾಗದವರೆಗಿನ ಒಂದು ನೇರ ಗೆರೆಯ ಉದ್ದ ಮಾತ್ರ. ಕೈಗೆ ತಾಗುವುದಾದರೋ ಒಂದು ಅಂಚಿನಿಂದ ಹೊರಟು, ಬೆನ್ನನ್ನು ಬಳಸಿ, ಇನ್ನೊಂದು ಅಂಚನ್ನು ಮುಟ್ಟುವ ಇಡೀ ಸುತ್ತು.

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಅಗಲ 43 ಮಿ.ಮೀ., ದಪ್ಪ 21 ಮಿ.ಮೀ. ಇರುವ ಮೂರು ನೆಕ್‌ಗಳನ್ನು ಅಡ್ಡಲಾಗಿ ಕೊಯ್ದಿದ್ದೇವೆ ಎಂದುಕೊಳ್ಳಿ. ಮೊದಲನೆಯದರ ಎರಡೂ ಬದಿಗಳು ಅಂಚಿನಿಂದ ನೇರವಾಗಿ ಇಳಿದು ಬೆನ್ನಿನಲ್ಲಿ ಚೂಪಾಗಿ ಕೂಡುತ್ತವೆ. ಇದು ‘ವಿ’ ಆಕಾರ, ಇದರ ಬೆನ್ನಿನ ಸುತ್ತು ಸುಮಾರು 60 ಮಿ.ಮೀ. ಎರಡನೆಯದು ಅರ್ಧ ದೀರ್ಘವೃತ್ತ, ಅಂದರೆ ‘ಸಿ’. ಸುತ್ತು 67 ಮಿ.ಮೀ. ಮೂರನೆಯದರ ಬದಿಗಳು ಮೊದಲು ನೆಟ್ಟಗೆ ಕೆಳಗಿಳಿದು, 12 ಮಿ.ಮೀ. ತ್ರಿಜ್ಯದ ತಿರುವು ತೆಗೆದುಕೊಂಡು ಬೆನ್ನನ್ನು ಸೇರುತ್ತವೆ. ಇದು ‘ಯು’, ಸುತ್ತು 75 ಮಿ.ಮೀ. ಕ್ಯಾಲಿಪರ್‌ಗೆ ಮೂರೂ ಒಂದೇ, ಅಂಗೈಗೆ ಮಾತ್ರ ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ 15 ಮಿ.ಮೀ. ಅಂತರ. ಅಂಗಡಿಯಲ್ಲಿ ಸಿಗುವ ‘ವಿ’ ನೆಕ್‌ಗಳ ಬದಿಗಳು ಇಷ್ಟು ನೇರವಾಗಿರುವುದಿಲ್ಲ, ತುದಿಯೂ ಇಷ್ಟು ಚೂಪಾಗಿರುವುದಿಲ್ಲವಾದ್ದರಿಂದ ನಿಜವಾದ ಅಂತರ ಇದಕ್ಕಿಂತ ಕಡಿಮೆ. ಆದರೂ ಯಾವುದು ತುಂಬಿಕೊಂಡಂತೆ ಕಾಣುತ್ತದೆ, ಯಾವುದು ಸಣ್ಣದಾಗಿ ಕಾಣುತ್ತದೆ ಎಂಬ ಅನುಕ್ರಮ ಇದೇ. ಅಂಚಿನಿಂದ ಬೆನ್ನಿಗೆ ಇಳಿಯುವ ಆ ಎರಡು ತಿರುವುಗಳನ್ನು ಗಿಟಾರ್ ತಯಾರಕರು ಭುಜಗಳೆಂದು ಕರೆಯುತ್ತಾರೆ. ನೆಕ್ ಹೇಗೆ ಅನಿಸುತ್ತದೆ ಎಂಬುದನ್ನು ದಪ್ಪಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಈ ಭುಜಗಳು. ತಯಾರಕರ ವಿವರಪಟ್ಟಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗಿರುವುದೂ ಇವುಗಳ ಅಳತೆಯೇ.

ಪಟ್ಟಿಗಳಲ್ಲಿ ಇರುವುದು ಅಕ್ಷರಗಳು: ಸಿ, ಡಿ, ಯು, ವಿ. ‘ಡಿ’ ಎಂದರೆ ಬೆನ್ನು ಚಪ್ಪಟೆಯಾಗಿದ್ದು ಭುಜಗಳು ತುಸು ತುಂಬಿಕೊಂಡಿರುವ ಆಕಾರ. ಈ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಒಂದು ಕಂಪನಿಯ ‘ಸಿ’ ಇನ್ನೊಂದರ ‘ಡಿ’ಗೆ ಹತ್ತಿರವಿರುವುದುಂಟು. ಗೊಂದಲಕ್ಕೆ ಇನ್ನೊಂದು ಹಳೆಯ ಮೂಲವೂ ಇದೆ. 1960ರ ದಶಕದ ಫೆಂಡರ್ ಗಿಟಾರ್‌ಗಳ ನೆಕ್ ಬಿಚ್ಚಿದರೆ ಅದರ ಬುಡದಲ್ಲಿ ಎ, ಬಿ, ಸಿ ಅಥವಾ ಡಿ ಎಂಬ ಮುದ್ರೆ ಕಾಣುತ್ತದೆ. ಅದಕ್ಕೂ ಆಕಾರಕ್ಕೂ ಸಂಬಂಧವಿಲ್ಲ. ಅದು ನಟ್‌ನ, ಅಂದರೆ ನೆಕ್‌ನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯ, ಅಗಲವನ್ನು ಹೇಳುವ ಗುರುತು, ‘ಎ’ ಎಂದರೆ ಒಂದೂವರೆ ಇಂಚು, ‘ಬಿ’ ಎಂದರೆ ಒಂದೂ ಐದೆಂಟಾಂಶ ಇಂಚು, ಹೀಗೆ. ಹಳೆಯ ಗಿಟಾರ್ ಮಾರುವವರಲ್ಲಿ ಕೆಲವರು ಇಂದಿಗೂ ಆ ಮುದ್ರೆಯನ್ನು ತೋರಿಸಿ ‘ಬಿ ಆಕಾರದ ನೆಕ್’ ಎಂದು ವರ್ಣಿಸುವುದನ್ನು ಕೇಳಬಹುದು.

ನೆಕ್‌ಗೆ ದಪ್ಪ ಏಕೆ ಬೇಕಾಯಿತು ಎಂಬುದು ಕೈಯ ಪ್ರಶ್ನೆಯಲ್ಲ, ಮರದ ಪ್ರಶ್ನೆ. ಇಂಚಿನ ಸಾವಿರದಲ್ಲಿ ಹತ್ತರಿಂದ ನಲವತ್ತಾರು ಭಾಗದವರೆಗೆ ದಪ್ಪವಿರುವ ಸಾಮಾನ್ಯ ತಂತಿಗಳ ಸೆಟ್ ಹಾಕಿ, 25.5 ಇಂಚಿನ ಸ್ಕೇಲ್ (ನಟ್‌ನಿಂದ ಗಿಟಾರ್‌ನ ಒಡಲ ಮೇಲಿನ ಬ್ರಿಜ್‌ವರೆಗೆ ತಂತಿ ಕಂಪಿಸುವ ಉದ್ದ) ಇರುವ ಗಿಟಾರ್ ಅನ್ನು ಶ್ರುತಿ ಮಾಡಿದರೆ, ಆರು ತಂತಿಗಳು ಒಟ್ಟಾಗಿ ಸುಮಾರು 47 ಕಿಲೋಗ್ರಾಂ ಭಾರದಷ್ಟು ಬಲದಿಂದ ನೆಕ್ ಅನ್ನು ಎಳೆಯುತ್ತವೆ. ತಂತಿಗಳು ಮರದ ಮೇಲ್ಭಾಗದಲ್ಲಿ ಹಾಯುವುದರಿಂದ ಈ ಎಳೆತ ನೆಕ್ ಅನ್ನು ಮುಂದಕ್ಕೆ ಬಾಗಿಸಲು ನೋಡುತ್ತದೆ. ಬಾಗುವಿಕೆಯನ್ನು ತಡೆಯುವ ಬಿಗುವು ದಪ್ಪದ ಮೂರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. 20 ಮಿ.ಮೀ. ದಪ್ಪದ ನೆಕ್ ಅನ್ನು ಅದೇ ಆಕಾರದಲ್ಲಿ 22 ಮಿ.ಮೀ.ಗೆ ಏರಿಸಿದರೆ ಬಿಗುವು ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ, 25 ಮಿ.ಮೀ.ಗೆ ಏರಿಸಿದರೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಉಕ್ಕಿನ ಸಲಾಕೆಯೊಂದನ್ನು ನೆಕ್‌ನ ಒಳಗೆ ಹುದುಗಿಸಿ, ತಿರುಪಿನಿಂದ ಬಿಗಿಗೊಳಿಸಿ, ಬಾಗುವಿಕೆಯನ್ನು ಹಿಮ್ಮೆಟ್ಟಿಸುವ ಟ್ರಸ್ ರಾಡ್ ಬಂದದ್ದು 1920ರ ದಶಕದ ಆರಂಭದಲ್ಲಿ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ ಅದರ ಪೇಟೆಂಟ್ 1923ರಲ್ಲಿ ದೊರೆಯಿತು. ಅದಕ್ಕೆ ಮುಂಚೆ ಗಟ್ಟಿತನಕ್ಕೆ ಇದ್ದ ಮುಖ್ಯ ದಾರಿ ಮರವನ್ನು ಉಳಿಸಿಕೊಳ್ಳುವುದು. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಲಿಯೋ ಫೆಂಡರ್ 1950ರಲ್ಲಿ ಹೊರತಂದ ಮೊದಲ ಎಸ್ಕ್ವೈರ್ ಗಿಟಾರ್‌ಗಳಲ್ಲಿ ಸಲಾಕೆಯೇ ಇರಲಿಲ್ಲ. ಗಡುಸಾದ ಮೇಪಲ್ ಮರ ತಾನೇ ತಡೆದುಕೊಂಡೀತೆಂಬ ಅವರ ನಂಬಿಕೆ ಹೆಚ್ಚು ಕಾಲ ನಿಲ್ಲಲಿಲ್ಲ. ಸಲಾಕೆಯನ್ನು ಸೇರಿಸಿದಾಗ ಅದನ್ನು ಬೆನ್ನಿನ ಕಡೆಯಿಂದ ತೋಡು ತೆಗೆದು ಇಳಿಸಿ, ತೋಡನ್ನು ವಾಲ್ನಟ್ ಮರದ ಪಟ್ಟಿಯಿಂದ ಮುಚ್ಚಿದರು. ಫೆಂಡರ್ ನೆಕ್‌ಗಳ ಬೆನ್ನಿನ ಮೇಲೆ ಇಂದಿಗೂ ಕಾಣುವ ಕಂದು ಗೆರೆ ಅದೇ.

ಸಲಾಕೆ ಬಂದ ಮೇಲೂ ದಪ್ಪ ಒಮ್ಮೆಲೇ ಕರಗಲಿಲ್ಲ. ಫೆಂಡರ್‌ನಲ್ಲಿ 1950ರ ದಶಕದ ಆರಂಭದ ತುಂಬು ನೆಕ್, 1955ರಿಂದ 1957ರ ಸುಮಾರಿಗೆ ‘ವಿ’ಯಾಗಿ, ದಶಕ ಮುಗಿಯುವ ಹೊತ್ತಿಗೆ ತೆಳುವಾದ ‘ಸಿ’ಯಾಯಿತು. ಗಿಬ್ಸನ್‌ನ ಲೆಸ್ ಪಾಲ್ ಮಾದರಿಯಲ್ಲಿ ಬದಲಾವಣೆ ಇನ್ನೂ ಥಟ್ಟನೆ ಕಾಣುತ್ತದೆ: 1958 ಮತ್ತು 1959ರ ನೆಕ್‌ಗಳು ಮೊದಲ ಫ್ರೆಟ್‌ನಲ್ಲಿ ಸುಮಾರು 22.5 ಮಿ.ಮೀ., ಹನ್ನೆರಡನೆಯದರಲ್ಲಿ 25 ಮಿ.ಮೀ. ಸುತ್ತಮುತ್ತ ಇದ್ದರೆ, 1960ರಲ್ಲಿ ಅವು ಚಪ್ಪಟೆಯಾಗಿ ಎರಡು ಮಿ.ಮೀ.ಗೂ ಹೆಚ್ಚು ತೆಳುವಾದವು. ಕೈಯಿಂದಲೇ ಉಜ್ಜಿ ಆಕಾರ ಕೊಡುತ್ತಿದ್ದ ಕಾಲವಾದ್ದರಿಂದ ಒಂದೇ ವರ್ಷದ ಎರಡು ಗಿಟಾರ್‌ಗಳು ಸಹ ಒಂದರಂತೆ ಇನ್ನೊಂದು ಇರುವುದಿಲ್ಲ. ‘1959ರ ನೆಕ್’ ಎಂದು ಈಗ ಮಾರುವವರು ಮಾರುವುದು ಒಂದು ಸರಾಸರಿಯನ್ನು. ತೆಳ್ಳಗಿನ ತುದಿ ಮುಟ್ಟಿದ್ದು ಜಪಾನಿನಲ್ಲಿ. 1987ರಲ್ಲಿ ಬಂದ ಐಬನೇಜ್‌ನ ಆರ್‌ಜಿ ಸರಣಿಯೊಂದಿಗೆ ವಿಝರ್ಡ್ ನೆಕ್ ಹೆಸರುವಾಸಿಯಾಯಿತು. ಅದರ ಸಾಲಿನಲ್ಲಿ ಈಗಿನ ವಿಝರ್ಡ್ 3, ಮೊದಲ ಫ್ರೆಟ್‌ನಲ್ಲಿ 19 ಮಿ.ಮೀ., ಹನ್ನೆರಡನೆಯದರಲ್ಲಿ 21 ಮಿ.ಮೀ. ಇದೆ. ಇಷ್ಟು ತೆಳ್ಳಗೆ ಮಾಡಬೇಕಾದರೆ ಮರ ಗಡುಸಾಗಿರಬೇಕು. ಮಹಾಗನಿಗಿಂತ ಮೇಪಲ್‌ನ ಬಿಗುವು ಹೆಚ್ಚು, ಬೇರೆ ಬೇರೆ ಮರಗಳ ಪಟ್ಟಿಗಳನ್ನು ಉದ್ದಕ್ಕೆ ಅಂಟಿಸುವ ಪದ್ಧತಿಯೂ ಅದಕ್ಕೇ.

ಇನ್ನು ಕೈಗೆ ಬರೋಣ. ಬ್ರಿಟನ್ನಿನ ಅಂಗರಚನಾತಜ್ಞ ಜಾನ್ ನೇಪಿಯರ್ 1956ರಲ್ಲಿ ಮನುಷ್ಯನ ಹಿಡಿತಗಳನ್ನು ಎರಡಾಗಿ ವಿಂಗಡಿಸಿದರು. ಹಾರೆಯ ಕಾವನ್ನು ಹಿಡಿಯುವಾಗ ಅಂಗೈ, ಬೆರಳು ಎಲ್ಲವೂ ವಸ್ತುವನ್ನು ಸುತ್ತಿಕೊಳ್ಳುತ್ತವೆ. ಇದು ಬಲದ ಹಿಡಿತ. ಸೂಜಿಗೆ ದಾರ ಪೋಣಿಸುವಾಗ ಹೆಬ್ಬೆರಳ ತುದಿ ಬೆರಳುಗಳ ತುದಿಗೆ ಎದುರಾಗಿ ನಿಲ್ಲುತ್ತದೆ, ಅಂಗೈ ದೂರ ಉಳಿಯುತ್ತದೆ. ಇದು ನಿಖರತೆಯ ಹಿಡಿತ. ಗಿಟಾರ್ ನುಡಿಸುವವರ ಎಡಗೈ ಈ ಎರಡರ ನಡುವೆ ಓಡಾಡುತ್ತಿರುತ್ತದೆ. ಬ್ಲೂಸ್ ನುಡಿಸುವವರು ನೆಕ್ ಅನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲಿನಲ್ಲಿ ಕೂರಿಸಿ, ಹೆಬ್ಬೆರಳನ್ನು ಮೇಲಿನ ಅಂಚಿನ ಮೇಲೆ ಹಾಯಿಸುತ್ತಾರೆ. ಜಿಮಿ ಹೆಂಡ್ರಿಕ್ಸ್ ಅಂತೂ ಅದೇ ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಒತ್ತುತ್ತಿದ್ದರು. ಶಾಸ್ತ್ರೀಯ ಗಿಟಾರ್ ಕಲಿತವರು ಹೆಬ್ಬೆರಳನ್ನು ಬೆನ್ನಿನ ನಡುವೆ ಊರಿ ಅಂಗೈಯನ್ನು ನೆಕ್‌ನಿಂದ ಬಿಡಿಸಿಕೊಳ್ಳುತ್ತಾರೆ.

ಯಾವ ಆಕಾರ ಯಾರಿಗೆ ಒಗ್ಗುತ್ತದೆ ಎಂಬುದು ಇಲ್ಲಿಂದ ಬಹುಮಟ್ಟಿಗೆ ತಿಳಿಯುತ್ತದೆ. ‘ವಿ’ಯ ಏಣು ಹೆಬ್ಬೆರಳ ಬುಡದ ಕವಲಿಗೆ ಸರಿಯಾಗಿ ಕೂರುತ್ತದೆ, ಭುಜಗಳಲ್ಲಿ ಮರ ಇಲ್ಲದ್ದರಿಂದ ಹೆಬ್ಬೆರಳು ಮೇಲಿನ ಅಂಚಿಗೆ ಸುಲಭವಾಗಿ ತಲುಪುತ್ತದೆ. 1956, 57ರ ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ಗಳ ಭಾಗಗಳನ್ನು ಕೂಡಿಸಿ ತಾವು ಕಟ್ಟಿಕೊಂಡ ‘ಬ್ಲ್ಯಾಕಿ’ಯನ್ನು ವರ್ಷಗಟ್ಟಲೆ ನುಡಿಸಿದ ಎರಿಕ್ ಕ್ಲಾಪ್ಟನ್, 1988ರಲ್ಲಿ ಫೆಂಡರ್ ತಮ್ಮ ಹೆಸರಿನಲ್ಲಿ ತಂದ ಮಾದರಿಗೂ ಮೆದು ‘ವಿ’ಯನ್ನೇ ಆರಿಸಿಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಅದೇ ‘ವಿ’ಯ ಮೇಲೆ ಹೆಬ್ಬೆರಳನ್ನು ಬೆನ್ನಿನ ನಡುವೆ ಊರಿದರೆ ಏಣು ಬೆರಳಿನ ಮೆತುಭಾಗವನ್ನು ಕೊರೆಯುತ್ತದೆ, ಅಲ್ಲಿ ‘ಡಿ’ಯ ಚಪ್ಪಟೆ ಬೆನ್ನು ಒತ್ತಡವನ್ನು ಹರಡಿ ನೆಮ್ಮದಿ ಕೊಡುತ್ತದೆ. ಆದರೆ ‘ಡಿ’ಯ ಮೇಲೆ ಹೆಬ್ಬೆರಳನ್ನು ಮೇಲಕ್ಕೆ ಹಾಯಿಸಲು ಹೊರಟಾಗ ತುಂಬಿದ ಭುಜ ಅಡ್ಡ ಬರುತ್ತದೆ.

ತೆಳ್ಳಗಿನ ನೆಕ್ ಎಂದರೆ ಸುಲಭದ ನೆಕ್ ಎಂಬ ನಂಬಿಕೆಯನ್ನು ಹೊಸಬರಿಗೆ ಮಾರುವವರು ಬಹಳ. ನಾನು ಇದನ್ನು ಅರ್ಧಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಸ್ನಾಯುವಿನ ನಾರು ಎಲ್ಲ ಉದ್ದಗಳಲ್ಲಿಯೂ ಒಂದೇ ಬಲವನ್ನು ಕೊಡಲಾರದು. ಗಾರ್ಡನ್, ಹಕ್ಸ್ಲಿ ಮತ್ತು ಜೂಲಿಯನ್ 1966ರಲ್ಲಿ ಕಪ್ಪೆಯ ಸ್ನಾಯುವಿನ ಮೇಲೆ ತೋರಿಸಿದಂತೆ, ಒಳಗಿನ ಎರಡು ಬಗೆಯ ಎಳೆಗಳು ಒಂದರ ಮೇಲೊಂದು ಸೂಕ್ತ ಪ್ರಮಾಣದಲ್ಲಿ ಹಾಸಿಕೊಂಡಿರುವ ನಡುವಿನ ಉದ್ದದಲ್ಲಿ ಬಲ ಗರಿಷ್ಠ, ತೀರಾ ಕುಗ್ಗಿದಾಗಲೂ ತೀರಾ ಹಿಗ್ಗಿದಾಗಲೂ ಕಡಿಮೆ. ಆಸ್ಪತ್ರೆಗಳಲ್ಲಿ ಹಿಡಿತದ ಬಲ ಅಳೆಯುವ ಡೈನಮೊಮೀಟರ್‌ನ ಹಿಡಿಯನ್ನು ಐದು ಅಂತರಗಳಲ್ಲಿ ಹೊಂದಿಸಬಹುದು. ಬಹುಪಾಲು ಜನರ ಬಲ ಅತ್ಯಂತ ಕಿರಿದಾದ ಮೊದಲ ಅಂತರಕ್ಕಿಂತ ಎರಡನೆಯದರಲ್ಲಿ ಹೆಚ್ಚು. ಇದರಿಂದ ಗಿಟಾರ್‌ಗೆ ಬರುವಾಗ ನಾನು ತರ್ಕದ ಒಂದು ಹೆಜ್ಜೆ ಇಡುತ್ತಿದ್ದೇನೆ, ಅದನ್ನು ಓದುಗರು ಹಾಗೆಂದೇ ತೆಗೆದುಕೊಳ್ಳಬೇಕು: ಉದ್ದ ಬೆರಳಿನವರ ಕೈ 19 ಮಿ.ಮೀ. ನೆಕ್‌ನ ಸುತ್ತ ಅತಿಯಾಗಿ ಮುಚ್ಚಿಕೊಂಡು, ದುರ್ಬಲವಾದ ಸ್ಥಿತಿಯಲ್ಲಿ ಚಿವುಟುತ್ತ ಹೋಗುತ್ತದೆ. ಒಂದೇ ಬೆರಳನ್ನು ಅಡ್ಡಲಾಗಿ ಇಟ್ಟು ಹಲವು ತಂತಿಗಳನ್ನು ಒತ್ತುವ ಬಾರೆ ಕಾರ್ಡ್‌ಗಳನ್ನು ಹತ್ತು ನಿಮಿಷ ಹಿಡಿದ ಮೇಲೆ ಹೆಬ್ಬೆರಳ ಬುಡದ ದಿಂಡಿನಲ್ಲಿ ನೋವು ಕಾಣಿಸಿಕೊಳ್ಳುವುದು ಇಂಥವರಲ್ಲಿ ಸಾಮಾನ್ಯ. ದಪ್ಪ ನೆಕ್‌ಗೆ ಬದಲಾಯಿಸಿದ ಮೇಲೆ ನೋವು ಕಡಿಮೆಯಾಯಿತೆಂದು ಹೇಳುವ ವಾದಕರು ವಿರಳವಲ್ಲ. ಇನ್ನೊಂದು ಕಡೆ, ಸಣ್ಣ ಕೈಯವರು ‘ಯು’ ಆಕಾರದ 25 ಮಿ.ಮೀ. ನೆಕ್ ಹಿಡಿದರೆ, ದಪ್ಪ ತಂತಿಯ ಕಡೆಗೆ ಕಿರುಬೆರಳು ಚಾಚಲು ಮಣಿಕಟ್ಟನ್ನು ಒಳಕ್ಕೆ ಮಡಿಸಬೇಕಾಗುತ್ತದೆ. ಹಾಗೆ ಮಡಿಸಿದಾಗ ಮಣಿಕಟ್ಟಿನ ಸುರಂಗದಲ್ಲಿ ಹಾಯುವ ನರದ ಮೇಲೆ ಒತ್ತಡ ಏರುತ್ತದೆ.

ಬೆನ್ನಿನಷ್ಟೇ ಮುಖ್ಯವಾದದ್ದು ಎದುರಿನ ಮೇಲ್ಮೈಯ ಉಬ್ಬು. ಫ್ರೆಟ್‌ಬೋರ್ಡ್ ಒಂದು ದೊಡ್ಡ ಉರುಳೆಯ ಸೀಳು; ಹಳೆಯ ಫೆಂಡರ್‌ಗಳಲ್ಲಿ ಆ ಉರುಳೆಯ ತ್ರಿಜ್ಯ 7.25 ಇಂಚು, ಅಂದರೆ 184 ಮಿ.ಮೀ., ಈಗಿನ ಫೆಂಡರ್‌ಗಳಲ್ಲಿ ಸಾಮಾನ್ಯವಾಗಿ 9.5 ಇಂಚು, ಗಿಬ್ಸನ್‌ನಲ್ಲಿ 12 ಇಂಚು, ಐಬನೇಜ್‌ನ ಹಲವು ಮಾದರಿಗಳಲ್ಲಿ 400 ಮಿ.ಮೀ. ಹನ್ನೆರಡನೆಯ ಫ್ರೆಟ್‌ನಲ್ಲಿ ಬೋರ್ಡ್ 52 ಮಿ.ಮೀ. ಅಗಲವಿದ್ದರೆ, 184ರ ತ್ರಿಜ್ಯದಲ್ಲಿ ನಡುಭಾಗ ಅಂಚಿಗಿಂತ 1.8 ಮಿ.ಮೀ. ಎತ್ತರ, 400ರಲ್ಲಿ 0.85 ಮಿ.ಮೀ. ಮಾತ್ರ. ಉಬ್ಬಿದ ಬೋರ್ಡ್ ಬಾರೆ ಕಾರ್ಡ್‌ನಲ್ಲಿ ತೋರುಬೆರಳಿನ ಸಹಜ ಬಾಗಿಗೆ ಹೊಂದುತ್ತದೆ. ತೊಂದರೆ ಬರುವುದು ಬೆಂಡ್ ಮಾಡುವಾಗ, ಅಂದರೆ ಸ್ವರ ಏರಿಸಲು ತಂತಿಯನ್ನು ಪಕ್ಕಕ್ಕೆ ಎಳೆಯುವಾಗ. ಸಣ್ಣ ತಂತಿಯನ್ನು ಅಂಚಿನಿಂದ ನಡುವಿನ ಕಡೆಗೆ ಎಳೆದಾಗ ಅದು ಬ್ರಿಜ್‌ವರೆಗೆ ಉರುಳೆಯ ಮೇಲೆ ಓರೆಯಾಗಿ ಹಾಯುತ್ತದೆ. ನೇರ ಗೆರೆಗೆ ಉಬ್ಬನ್ನು ಹತ್ತಿ ಇಳಿಯಲು ಬಾರದು, ಹಾಗಾಗಿ ಮುಂದಿನ ಫ್ರೆಟ್‌ಗಳು ತಂತಿಯನ್ನು ತಾಗಿ ಸ್ವರ ಉಸಿರುಗಟ್ಟಿದಂತೆ ಸಾಯುತ್ತದೆ. ತಂತಿಗಳನ್ನು ಎತ್ತರಿಸಿದರೆ ಇದು ತಪ್ಪುತ್ತದೆ, ಆಗ ಬೆರಳು ಹೆಚ್ಚು ಒತ್ತಬೇಕು, ದೂರು ಮತ್ತೆ ‘ನೆಕ್ ಸರಿಯಿಲ್ಲ’ ಎಂದೇ ಹೊರಬೀಳುತ್ತದೆ. ನೆಕ್ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬೆನ್ನಿನ ತಪ್ಪಲ್ಲದವು ಎಷ್ಟೋ.

ಸ್ಕೇಲ್ ಉದ್ದವೂ ಹೀಗೆಯೇ ಮರೆಯಲ್ಲಿ ಕೆಲಸ ಮಾಡುತ್ತದೆ. ಗಿಬ್ಸನ್‌ನ 24.75 ಇಂಚಿನಲ್ಲಿ ಅದೇ ತಂತಿಗೆ ಫೆಂಡರ್‌ನ 25.5 ಇಂಚಿಗಿಂತ ಶೇ. 6ರಷ್ಟು ಕಡಿಮೆ ಎಳೆತ ಸಾಕು, ಮೊದಲ ಫ್ರೆಟ್‌ನ ಜಾಗ ಒಂದು ಮಿ.ಮೀ. ಕಿರಿದು. ಬೆನ್ನಿನ ಮೆರುಗೂ ಲೆಕ್ಕಕ್ಕೆ ಬರುತ್ತದೆ: ಹೊಳೆಯುವ ದಪ್ಪ ಲೇಪದ ಮೇಲೆ ಬೆವರಿದ ಹೆಬ್ಬೆರಳು ಅಂಟುತ್ತದೆ, ಮಂಗಳೂರಿನ ಮೇ ತಿಂಗಳಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ, ಮಂದ ಮೆರುಗಿನ ಅಥವಾ ಎಣ್ಣೆ ಹಚ್ಚಿದ ಮರ ಜಾರಲು ಬಿಡುತ್ತದೆ.

ಕೈ ಸಮಮಿತಿಯದಲ್ಲ, ನೆಕ್ ಏಕೆ ಎರಡೂ ಕಡೆ ಒಂದೇ ಇರಬೇಕು ಎಂದು ಕೇಳಿದವರೂ ಇದ್ದಾರೆ. 1991ರಲ್ಲಿ ಎಡ್ಡಿ ವ್ಯಾನ್ ಹೇಲನ್ ಹೆಸರಿನಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿ ತಂದ ಗಿಟಾರ್‌ನ ನೆಕ್‌ನಲ್ಲಿ ಎರಡು ಭುಜಗಳು ಬೇರೆ ಬೇರೆ ತುಂಬುಳ್ಳವು. ಸ್ವೀಡನ್ನಿನ ಗಿಟಾರ್ ತಯಾರಕ ಓಲಾ ಸ್ಟ್ರಾಂಡ್‌ಬರ್ಗ್ ಇನ್ನೂ ಮುಂದೆ ಹೋಗಿ, ದುಂಡನ್ನೇ ಬಿಟ್ಟು, ಚಪ್ಪಟೆ ಮುಖಗಳಿರುವ, ಮೇಲೆ ಹೋದಂತೆ ಮುಖದ ಓರೆ ಬದಲಾಗುವ ಬೆನ್ನನ್ನು ರೂಪಿಸಿದರು. ಹೆಬ್ಬೆರಳು ಕೆಳಗಿನ ಫ್ರೆಟ್‌ಗಳಲ್ಲಿ ಒಂದು ಕೋನದಲ್ಲಿ, ಮೇಲಿನ ಫ್ರೆಟ್‌ಗಳಲ್ಲಿ ಇನ್ನೊಂದು ಕೋನದಲ್ಲಿ ಊರುತ್ತದೆ ಎಂಬ ಗಮನಿಕೆಯ ಮೇಲೆ ಕಟ್ಟಿದ ಆಕಾರವದು. ಚಿತ್ರದಲ್ಲಿ ವಿಚಿತ್ರವಾಗಿ ಕಂಡರೂ ತರ್ಕ ಗಟ್ಟಿಯಾದದ್ದೇ.

ಹೊಸ ಗಿಟಾರ್ ಕೊಳ್ಳಲಾಗದವರಿಗೆ ಇರುವ ದಾರಿ, ಇರುವ ನೆಕ್ ಅನ್ನೇ ಉಜ್ಜಿಸುವುದು. ಫೆಂಡರ್ ಮಾದರಿಯಲ್ಲಿ ನಾಲ್ಕು ಸ್ಕ್ರೂ ಬಿಚ್ಚಿ ನೆಕ್ ಅನ್ನೇ ಬದಲಾಯಿಸಬಹುದಾದ್ದರಿಂದ ಅಲ್ಲಿ ಅಪಾಯ ಕಡಿಮೆ. ಅಂಟಿಸಿದ ನೆಕ್‌ನ ಲೆಸ್ ಪಾಲ್‌ನಲ್ಲಿ ತೆಗೆದ ಮರವನ್ನು ಮರಳಿ ತರುವಂತಿಲ್ಲ. ಉಜ್ಜುವವರಿಗೆ ‘ತೆಳು ಮಾಡಿ’ ಎಂದಷ್ಟೇ ಹೇಳಿದರೆ ಅವರು ಬೆನ್ನಿನ ನಡುವಿನಿಂದ ಮರ ತೆಗೆಯಬಹುದು. ಟ್ರಸ್ ರಾಡ್‌ನ ತೋಡು ಇರುವುದೂ ಅಲ್ಲಿಯೇ, ಬಿಗುವಿನ ಮೂರನೆಯ ಘಾತ ಕಳೆದುಹೋಗುವುದೂ ಅಲ್ಲಿಯೇ. ಎರಡು ಭುಜಗಳಿಂದ ಮುಕ್ಕಾಲು ಮಿ.ಮೀ.ನಷ್ಟು ಇಳಿಸಿ, ನಡುವಿನ ದಪ್ಪವನ್ನು ಮುಟ್ಟದೆ ಬಿಡಲು ಹೇಳಿದರೆ, ಕ್ಯಾಲಿಪರ್ ಹಿಂದಿನ ಅಂಕಿಯನ್ನೇ ತೋರಿಸುತ್ತಿರುವಾಗಲೂ ಹೆಬ್ಬೆರಳು ಮೇಲಿನ ಅಂಚಿಗೆ ಮುಂಚಿಗಿಂತ ಸಲೀಸಾಗಿ ತಲುಪುತ್ತದೆ.