ಸಿಂಧುತ್ವ: ಮೊಬೈಲಿನ ಚುಟುಕು ಪರೀಕ್ಷೆ ನಿಜವಾಗಿ ಏನನ್ನು ಅಳೆಯುತ್ತದೆ?

ಮತ ಎಣಿಕೆಯ ದಿನ 'ಅಸಿಂಧು ಮತ' ಎಂಬ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ಅದೇ ಮೂಲದ 'ಸಿಂಧುತ್ವ'ಕ್ಕೆ ಮನೋವಿಜ್ಞಾನದಲ್ಲಿ ಬೇರೊಂದು ನಿರ್ದಿಷ್ಟ ಅರ್ಥವಿದೆ. ಪರೀಕ್ಷೆಯೊಂದರ ಅಂಕವನ್ನು ನೋಡಿ ನಾವು ಮಾಡುವ ತೀರ್ಮಾನಕ್ಕೆ ಎಷ್ಟು ಬಲವಾದ ಪುರಾವೆಯಿದೆ ಎಂಬುದೇ ಅದರ ಸಿಂಧುತ್ವ. ಮತಕ್ಕೆ ಸಿಂಧು, ಅಸಿಂಧು ಎಂಬ ಎರಡೇ ಸ್ಥಿತಿ. ಪರೀಕ್ಷೆಗಾದರೋ ಯಾರಿಗೆ, ಯಾವ ಉದ್ದೇಶಕ್ಕೆ ಎಂಬುದನ್ನು ಸೇರಿಸಿ ಹೇಳದಿದ್ದರೆ ಆ ಪದಕ್ಕೆ ಅರ್ಥವೇ ಇಲ್ಲ.

ಖಿನ್ನತೆ, ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳಲ್ಲಿ ಮನಸ್ಥಿತಿಯ ಜೊತೆಗೆ ಗಮನ, ನೆನಪು, ಯೋಚನೆಯ ವೇಗವೂ ಕುಂದುವುದುಂಟು. ಇದನ್ನು ಅಳೆಯಲು ಸ್ಕಿಜೋಫ್ರೇನಿಯಾ ಸಂಶೋಧನೆಯಲ್ಲಿ ಬಳಸುವ 'ಮ್ಯಾಟ್ರಿಕ್ಸ್' ಪರೀಕ್ಷಾ ಸರಣಿಗೆ ಒಂದು ಗಂಟೆಗೂ ಮೀರಿ ಸಮಯ ಬೇಕು, ತರಬೇತಿ ಪಡೆದವರು ಎದುರು ಕೂರಬೇಕು. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಮುಗಿಯುವ ಪರೀಕ್ಷೆ ಇದ್ದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾದ ಒಳಹಳ್ಳಿಯವರು ಕಾರವಾರದವರೆಗೆ ಬರಬೇಕಿಲ್ಲ. ಈ ಅನುಕೂಲ ಸಣ್ಣದಲ್ಲ. ಆದರೆ ಪರೀಕ್ಷೆ ಚಿಕ್ಕದಾದಷ್ಟೂ ಅಂಕದ ಸ್ಥಿರತೆ, ಅಂದರೆ ವಿಶ್ವಸನೀಯತೆ, ಕುಗ್ಗುತ್ತದೆ. 1910ರಲ್ಲಿ ಮನೋವಿಜ್ಞಾನಿಗಳಾದ ಸ್ಪಿಯರ್‌ಮನ್ ಮತ್ತು ಬ್ರೌನ್ ಕೊಟ್ಟ ಸೂತ್ರದ ಪ್ರಕಾರ, 0.80 ವಿಶ್ವಸನೀಯತೆಯ (1 ಎಂದರೆ ಪೂರ್ಣ ಸ್ಥಿರ) ಪರೀಕ್ಷೆಯನ್ನು ಅರ್ಧಕ್ಕಿಳಿಸಿದರೆ ಅದು ಸುಮಾರು 0.67 ಆಗುತ್ತದೆ.

ವಿಶ್ವಸನೀಯತೆ ಇದ್ದ ಮಾತ್ರಕ್ಕೆ ಸಿಂಧುತ್ವ ಬಂದಂತಲ್ಲ ಎಂಬುದು ಶಿರಸಿಯ ಅಡಿಕೆ ಬೆಳೆಗಾರರಿಗೆ ಬೇಗ ಮನದಟ್ಟಾದೀತು. ಸರಿಯಾಗಿ ಒಣಗದ ಚಾಲಿ ಅಡಿಕೆಯನ್ನು ಹತ್ತು ಸಲ ತೂಗಿದರೂ ಒಂದೇ ತೂಕ ಬರುತ್ತದೆ, ತಕ್ಕಡಿಯಲ್ಲಿ ದೋಷವಿಲ್ಲ. ಆದರೆ ಆ ತೂಕದಲ್ಲಿ ಅಡಿಕೆಯ ಜೊತೆ ತೇವವೂ ಕೂತಿರುತ್ತದೆ. ಮೊಬೈಲ್ ಪರೀಕ್ಷೆಯ ಅಂಕದಲ್ಲಿಯೂ ಯೋಚನೆಯ ವೇಗದ ಜೊತೆ ಕಣ್ಣಿನ ದೃಷ್ಟಿ, ಬೆರಳಿನ ರೂಢಿ, ಓದಿನ ಅಭ್ಯಾಸ ಇವೆಲ್ಲ ತೇವದಂತೆ ಸೇರಿಕೊಂಡಿರುತ್ತವೆ, ಮತ್ತು ಈ ತೇವ ಎಷ್ಟೆಂದು ಪತ್ತೆಹಚ್ಚುವುದೇ ಸಿಂಧುತ್ವ ಪರಿಶೀಲನೆಯ ಬಹುಪಾಲು ಕೆಲಸ.

ನಮ್ಮ ಜಿಲ್ಲೆಯ ಮಟ್ಟಿಗೆ ಭಾಷೆಯನ್ನು ನಾನು ಎಲ್ಲಕ್ಕಿಂತ ಮುಂದಿಡುತ್ತೇನೆ. ಅಂಕಿಗಳನ್ನು ಕೇಳಿಸಿ ಅದೇ ಕ್ರಮದಲ್ಲಿ ಮರಳಿ ಹೇಳಿಸುವ ಪರೀಕ್ಷೆ ಬಹಳ ಹಳೆಯದು. ಕನ್ನಡದಲ್ಲಿ ಒಂದರಿಂದ ಒಂಬತ್ತರವರೆಗಿನ ಪ್ರತಿ ಅಂಕಿಗೂ ಕನಿಷ್ಠ ಎರಡು ಅಕ್ಷರ. 'ಎರಡು' ಮತ್ತು 'ಒಂಬತ್ತು' ಮೂರಕ್ಕೆ ಹೋಗುತ್ತವೆ. ಕಾರವಾರದ ಕೊಂಕಣಿ ಮನೆಯಲ್ಲಿ ಏಕ್, ದೋನ್, ತೀನ್, ಚಾರ್ ಒಂದೇ ಏಟಿಗೆ ಮುಗಿಯುತ್ತವೆ. ಅಂಕಿಯ ಹೆಸರು ಉದ್ದವಾದಷ್ಟೂ ಒಮ್ಮೆಗೆ ನೆನಪಿನಲ್ಲಿ ಉಳಿಯುವ ಅಂಕಿಗಳು ಕಡಿಮೆಯಾಗುತ್ತವೆ ಎಂಬುದನ್ನು ವೆಲ್ಷ್ (ಬ್ರಿಟನ್ನಿನ ವೇಲ್ಸ್ ಪ್ರಾಂತದ ಭಾಷೆ) ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಮೇಲೆ ನಡೆಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತ್ತು. ಹೀಗಿರುವಾಗ ಇಂಗ್ಲಿಷಿನವರ ಸರಾಸರಿಯನ್ನು ತಂದು ಅಂಕೋಲೆಯ ಹಾಲಕ್ಕಿ ಸಮುದಾಯದ ಹಿರಿಯರೊಬ್ಬರ ಅಂಕದ ಪಕ್ಕದಲ್ಲಿಟ್ಟು 'ನೆನಪು ಕುಂದಿದೆ' ಎಂದು ಬರೆಯುವುದು ಅವರಿಗೆ ಮಾಡುವ ಅನ್ಯಾಯ. ಅನುವಾದ ಮಾಡಿದರೆ ಸಾಲದು. ಇಲ್ಲಿಯವರದೇ ಸರಾಸರಿಗಳನ್ನು ವಯಸ್ಸು, ಶಾಲಾ ಶಿಕ್ಷಣ, ಮನೆಮಾತಿನ ಪ್ರಕಾರ ಕಟ್ಟಬೇಕು.

ಉತ್ತರಿಸುವ ವೇಗವನ್ನು ಅಳೆಯುವ ಪರೀಕ್ಷೆಗೆ ಸಾಧನದ ತೊಡಕು ಇನ್ನೊಂದು. ಅನೇಕ ಮೊಬೈಲ್ ಪರದೆಗಳು ಸೆಕೆಂಡಿಗೆ 60 ಸಲ, ಅಂದರೆ ಸುಮಾರು 17 ಮಿಲಿಸೆಕೆಂಡಿಗೊಮ್ಮೆ ಬದಲಾಗುತ್ತವೆ. ಬೆರಳ ಸ್ಪರ್ಶವನ್ನು ಗ್ರಹಿಸುವ ವಿಳಂಬ ಫೋನಿನಿಂದ ಫೋನಿಗೆ ಬೇರೆ. ಒಬ್ಬರನ್ನು ಒಂದೇ ಫೋನಿನಲ್ಲಿ ಮತ್ತೆ ಮತ್ತೆ ಅಳೆಯುವಾಗ ಇದು ಅಷ್ಟಾಗಿ ಬಾಧಿಸದು, ಬೇರೆ ಬೇರೆ ಫೋನಿನವರನ್ನು ಹೋಲಿಸುವಾಗ ಬಾಧಿಸುತ್ತದೆ.

ಪರಿಶೀಲನೆಯ ನೇರ ದಾರಿಯೆಂದರೆ ಅದೇ ಜನರಿಗೆ ಚುಟುಕು ಪರೀಕ್ಷೆಯನ್ನೂ ಒಪ್ಪಿತ ದೀರ್ಘ ಪರೀಕ್ಷೆಯನ್ನೂ ಕೊಟ್ಟು ಹೋಲಿಸುವುದು. ಸುಮಾರು ಐದು ಲಕ್ಷ ಜನರಿರುವ ಬ್ರಿಟನ್ನಿನ ಆರೋಗ್ಯ ಸಂಶೋಧನಾ ಯೋಜನೆ 'ಯುಕೆ ಬಯೋಬ್ಯಾಂಕ್'ನ ಚುಟುಕು ಪರೀಕ್ಷೆಗಳನ್ನು 160 ಜನರ ಮೇಲೆ ಹೀಗೆ ಪರಿಶೀಲಿಸಿದ ವರದಿ 2020ರಲ್ಲಿ ಬಂತು. ಸಹಸಂಬಂಧ, ಅಂದರೆ ಎರಡು ಪರೀಕ್ಷೆಗಳ ಅಂಕಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬುದು (1 ಎಂದರೆ ಪೂರ್ಣ ಹೊಂದಿಕೆ), ಪರೀಕ್ಷೆಯಿಂದ ಪರೀಕ್ಷೆಗೆ 0.22ರಿಂದ 0.83ರವರೆಗೆ ಹರಡಿತ್ತು. ಒಂದೇ ಸರಣಿಯೊಳಗೂ ಎಲ್ಲ ಪರೀಕ್ಷೆಗಳನ್ನು ಸಮನಾಗಿ ನಂಬಲಾಗದು.

ಚಿಕಿತ್ಸೆಯ ಪರಿಣಾಮವನ್ನು ಅಳೆಯುವಾಗ ಮತ್ತೊಂದು ಎಚ್ಚರ ಬೇಕು. ಎರಡನೆಯ ಸಲ ಅಂಕ ಏರಿದ್ದು ಗುಣವಾಗಿದ್ದರಿಂದಲೋ, ಪರೀಕ್ಷೆ ರೂಢಿಯಾಗಿದ್ದರಿಂದಲೋ ಎಂದು ತಿಳಿಯಬೇಕಾದರೆ, ಆ ಚಿಕಿತ್ಸೆ ಪಡೆಯದ ಇನ್ನೊಂದು ಗುಂಪಿಗೂ ಅಷ್ಟೇ ಅಂತರದಲ್ಲಿ ಅದೇ ಪರೀಕ್ಷೆಯನ್ನು ಎರಡು ಸಲ ಕೊಟ್ಟಿರಬೇಕು.