ಮೇಲ್ ಇರೋದು ಮೊಬೈಲ್‌ನಲ್ಲಲ್ಲ

‘ತಮಾ, ಮೇಲ್ ಎಲ್ಲಾ ಹೋತಲೋ!’

ಜುಲೈ ತಿಂಗಳ ಒಂದು ಬೆಳಿಗ್ಗೆ ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರ ಫೋನ್. ಕಾರವಾರಕ್ಕೆ ಹೊರಟವರು ಕುಮಟಾದಲ್ಲಿ ಚಹಾಕ್ಕೆ ನಿಂತು ಮೊಬೈಲ್ ನೋಡಿದ್ದಾರೆ. ಇನ್‌ಬಾಕ್ಸ್ ಖಾಲಿ. ನಾಲ್ಕು ವರ್ಷದ ಬಿಲ್ಲು, ಪಾರ್ಟಿಗಳ ಪತ್ರ ಒಂದೂ ಇಲ್ಲ.

ಅವರ ಮೇಲ್ ಸರ್ವರ್, ಅಂದರೆ ಮೇಲ್ ಬಂದು ಸೇರುವ ಕಂಪ್ಯೂಟರ್, ನೋಡಿಕೊಳ್ಳುವುದು ನಾನೇ. ಯಾರು ಯಾವಾಗ ಬಂದುಹೋದರೆಂದು ಬರೆದಿಡುವ ಲಾಗ್ ತೆರೆದೆ. ಹಿಂದಿನ ಸಂಜೆ ಅಂಗಡಿಯಿಂದಲೇ ಯಾರೋ ಪಾಪ್ ಎಂಬ, ಮೇಲ್ ಇಳಿಸಿಕೊಳ್ಳುವ ದಾರಿಯಲ್ಲಿ ಒಳಗೆ ಬಂದು, ಎಲ್ಲವನ್ನೂ ಇಳಿಸಿಕೊಂಡು, ಅಳಿಸಿ ಹೋಗಿದ್ದಾರೆ. ಕಳ್ಳನಲ್ಲ, ಗುಮಾಸ್ತ. ಹಳೇ ಕಂಪ್ಯೂಟರಿಗೆ ಮೇಲ್ ಹಾಕುವಾಗ ‘ಸರ್ವರ್‌ನಲ್ಲೂ ಒಂದು ಪ್ರತಿ ಇರಲಿ’ ಎಂಬಲ್ಲಿ ಟಿಕ್ ಹಾಕಿರಲಿಲ್ಲ, ಅಷ್ಟೇ.

ಪಾಪ್ ಅನ್ನುವುದು ಫೋನ್ ಲೈನಿನಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲದ ಪದ್ಧತಿ. ಆಗ ನಿಮಿಷಕ್ಕಿಷ್ಟು ಎಂದು ಬಿಲ್ಲು. ಬೇಗ ಬಾ, ಎತ್ತಿಕೋ, ಹೋಗು. ಅವರ ಮೊಬೈಲ್ ಬಳಸುವ ಐಮ್ಯಾಪ್ ಎಂಬ ಇನ್ನೊಂದು ಪದ್ಧತಿ ಹಾಗಲ್ಲ. 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ಇದನ್ನು ಶುರು ಮಾಡಿದರು. ಇದರಲ್ಲಿ ಮೇಲ್ ಸರ್ವರ್‌ನಲ್ಲೇ ಇರುತ್ತದೆ. ಮೊಬೈಲು, ಲ್ಯಾಪ್‌ಟಾಪು ಎಲ್ಲ ಅದನ್ನು ನೋಡುವ ಕಿಟಕಿಗಳು. ಅದಕ್ಕೇ ಸರ್ವರ್‌ನಲ್ಲಿ ಹೋದದ್ದು ಕುಮಟಾದ ಮೊಬೈಲ್‌ನಲ್ಲೂ ಹೋಯಿತು.

ಸರ್ವರ್ ಒಳಗೆ ಏನಿರುತ್ತದೆ? ಹಳೆಯ ಎಂಬಾಕ್ಸ್ ಪದ್ಧತಿಯಲ್ಲಿ ಒಂದು ಫೋಲ್ಡರಿನ ಮೇಲ್ ಎಲ್ಲ ಒಂದೇ ಉದ್ದ ಫೈಲು, ನಮ್ಮ ಉದ್ದರಿ ಪುಸ್ತಕದ ಹಾಗೆ. ನಡುವಿನ ಒಂದು ಪತ್ರ ತೆಗೆಯಬೇಕೆಂದರೆ ಅದರ ಮುಂದಿನದನ್ನೆಲ್ಲ ಮತ್ತೆ ಬರೆಯಬೇಕು. ನಾನು ಬಳಸುವುದು ಮೇಲ್‌ಡಿರ್. ಇಲ್ಲಿ ಒಂದು ಮೇಲ್‌ಗೆ ಒಂದು ಫೈಲು, ತಂತಿಗೆ ಚುಚ್ಚಿಟ್ಟ ಚೀಟಿಗಳ ಹಾಗೆ. ಪ್ರತಿ ಫೋಲ್ಡರಿಗೂ ಮೂರು ಕೋಣೆ: ಟೆಂಪ್, ನ್ಯೂ, ಕರ್. ಬರುವ ಮೇಲ್ ಟೆಂಪ್‌ನಲ್ಲಿ ಪೂರ್ತಿ ಬರೆದಾದ ಮೇಲಷ್ಟೇ ನ್ಯೂಗೆ ಹೋಗುತ್ತದೆ. ನಡುವೆ ಕರೆಂಟ್ ಹೋದರೂ (ಮಳೆಗಾಲದಲ್ಲಿ ಹೋಗದೆ ಇರುತ್ತದಾ?) ಅರ್ಧಂಬರ್ಧ ಪತ್ರ ಇನ್‌ಬಾಕ್ಸಿಗೆ ಬರುವುದಿಲ್ಲ. ನೀವು ಇನ್‌ಬಾಕ್ಸ್ ತೆರೆದಾಗ ಅದು ಕರ್‌ಗೆ ದಾಟುತ್ತದೆ.

ನನಗೆ ತುಂಬಾ ಇಷ್ಟದ ವಿಷಯ ಇನ್ನೊಂದಿದೆ. ಗುರುತುಗಳು ಇರುವುದು ಫೈಲಿನ ಹೆಸರಿನ ಬಾಲದಲ್ಲಿ. ಓದಿದರೆ ‘ಎಸ್’, ಉತ್ತರ ಕೊಟ್ಟರೆ ‘ಆರ್’, ನಕ್ಷತ್ರ ಹಾಕಿದರೆ ‘ಎಫ್’. ಪತ್ರವನ್ನು ಮುಟ್ಟುವುದೇ ಇಲ್ಲ, ಹೆಸರು ಬದಲಿಸಿದರೆ ಆಯಿತು. ಇದನ್ನೆಲ್ಲ ನಡೆಸುವುದು ಡವ್‌ಕಾಟ್ ಎಂಬ ತಂತ್ರಾಂಶ. ಫಿನ್ಲೆಂಡ್‌ನ ಟಿಮೊ ಸಿರೈನೆನ್ 2002ರಲ್ಲಿ ಹೊರತಂದದ್ದು. ಅದು ಪಕ್ಕದಲ್ಲಿ ಸೂಚಿ ಫೈಲು ಬೇರೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಸಾವಿರಾರು ಮೇಲ್ ಇದ್ದರೂ ಪಟ್ಟಿ ತಟ್ಟನೆ ಬರುತ್ತದೆ.

‘ಬ್ಯಾಕಪ್ ಇತ್ತಲ್ವಾ?’ ಅಂತ ನೀವು ಕೇಳಬಹುದು. ಇತ್ತು. ಆದರೆ ರಾತ್ರಿ 2ಕ್ಕೆ ಅದು ಖಾಲಿ ಇನ್‌ಬಾಕ್ಸನ್ನೇ ನಿಷ್ಠೆಯಿಂದ ನಕಲು ಮಾಡಿ, ಹಳೆಯದನ್ನು ಅಳಿಸಿತ್ತು. ಅದು ಕನ್ನಡಿ, ಬ್ಯಾಕಪ್ ಅಲ್ಲ. ತಪ್ಪು ನನ್ನದೇ. ಈಗ ಹದಿನಾಲ್ಕು ದಿನದ್ದು ಬೇರೆ ಬೇರೆ ಇಡುತ್ತೇನೆ.

ಪುಣ್ಯಕ್ಕೆ ಪಾಪ್‌ಗೆ ಇನ್‌ಬಾಕ್ಸ್ ಬಿಟ್ಟರೆ ಬೇರೆ ಫೋಲ್ಡರ್ ಕಾಣುವುದೇ ಇಲ್ಲ. ‘ಚಾಲಿ’, ‘ಕೆಂಪಡಿಕೆ’ ಫೋಲ್ಡರುಗಳು ಹಾಗೇ ಉಳಿದಿದ್ದವು. ಇನ್‌ಬಾಕ್ಸಿನದೆಲ್ಲ ಗುಮಾಸ್ತನ ಕಂಪ್ಯೂಟರಿನಲ್ಲಿತ್ತು. ಅದರಲ್ಲೇ ಐಮ್ಯಾಪ್ ಖಾತೆ ಸೇರಿಸಿ, ಮೇಲ್‌ಗಳನ್ನು ಎಳೆದು ವಾಪಸ್ ಹಾಕಿದೆ. ಎರಡು ಸಲ ಕರೆಂಟ್ ಹೋಯಿತು. ಮುಗಿಯುವಾಗ ರಾತ್ರಿ ಹನ್ನೊಂದು.

ಮರುದಿನ ಮತ್ತೆ ಫೋನ್. ‘ಎಲ್ಲಾ ಬಂಜು ತಮಾ. ಆದ್ರೆ ಸ್ಟಾರ್ ಹಾಕಿದ್ದೆಲ್ಲ ಎಲ್ಲಿ ಹೋತು?’

ಪಾಪ್ ಒಯ್ಯುವುದು ಪತ್ರವನ್ನು ಮಾತ್ರ, ಹೆಸರಿನ ಬಾಲವನ್ನಲ್ಲ. ಹಣ ಬಾಕಿ ಇದ್ದ ಪಾರ್ಟಿಗಳಿಗೆ ಅವರು ನಕ್ಷತ್ರ ಹಾಕಿಟ್ಟಿದ್ದರಂತೆ.